ಸವೆದದ್ದು ಬೆಡ್ಡೋ, ವಾಲಿದ್ದು ನೆಲವೋ: ಮನೆಯ ಪೋರ್ಟಿಕೋದಲ್ಲಿ ಒಂದು ಹಳೆಯ ಲೇತ್

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಮನೆ. 30–40ರ ಸೈಟು. ಕಾರು ನಿಲ್ಲಬೇಕಾದ ಪೋರ್ಟಿಕೋದಲ್ಲಿ ಈಗ ಒಂದು ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕತ್ತರಿಸುವ ಮಿಷನ್, ನಿಂತಿದೆ. ಅದು ಮತ್ತೆ ಓಡಲು ಒಂಬತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾವು ಎರಡು ದೊಡ್ಡ ತಪ್ಪು ಮಾಡಿದೆವು. ಮೂರನೆಯದನ್ನು ಮಾಡುವ ಹೊಸ್ತಿಲಲ್ಲಿ ನಿಂತು ವಾಪಸ್ ಬಂದೆವು. ಆ ಮೂರನೆಯದು ನನ್ನದೇ ಸಲಹೆಯಿಂದ ಆಗುವುದರಲ್ಲಿತ್ತು. ಹಾಗಾಗಿ ಇದನ್ನು ನಾನೇ ಬರೆಯಬೇಕು ಅನ್ನಿಸಿತು.

ಮಾಲೀಕರ ಹೆಸರು, ಬಡಾವಣೆ ಹೇಳುವುದಿಲ್ಲ. ವಯಸ್ಸು ಐವತ್ತರ ಆಸುಪಾಸು, ಲೆಕ್ಕಪತ್ರ ನೋಡುವ ಕೆಲಸ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ. ನಾನು 31 ವರ್ಷ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದವನು. ಅವರ ತಂದೆಯ ಪರಿಚಯ ನನಗಿತ್ತು.

ಲೇತ್ ಎಲ್ಲಿಂದ ಬಂತು

ತಂದೆ ರಾಜಾಜಿನಗರದ ಕಡೆ ಒಂದು ಚಿಕ್ಕ ಶೆಡ್ಡಿನಲ್ಲಿ ಜಾಬ್ ವರ್ಕ್ ಮಾಡುತ್ತಿದ್ದರು. ಪಿನ್ನು, ಬುಷ್ಷು, ಪಂಪಿನ ಶಾಫ್ಟು, ಯಾರೋ ಮುರಿದು ತಂದ ಬೋಲ್ಟು. ಈ ಊರಿಗೆ ಇಂಥ ಕೆಲಸ ಹೊಸದಲ್ಲ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಹುಟ್ಟಿದ್ದೇ ಮಿಷನ್ ಟೂಲ್ ಮಾಡಲು, ಮೊದಲು ತಯಾರಿಸಿದ್ದೇ ಲೇತ್. ಗಡಿಯಾರ ಬಂದದ್ದು ಆಮೇಲೆ. ಅದಕ್ಕೂ ಮೊದಲೇ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿತ್ತು. ಅಲ್ಲಿಯ ಲೇತ್‌ಗಳು ಇವತ್ತಿಗೂ ಎಷ್ಟೋ ಶೆಡ್ಡುಗಳಲ್ಲಿ ಓಡುತ್ತಿವೆ. ಚಿಕ್ಕ ಶೆಡ್ಡಿನವರಿಗೆ ಅಂಥ ಮಿಷನ್ ಕೈಗೆ ಎಟುಕುತ್ತಿರಲಿಲ್ಲ. ಅವರು ಪಂಜಾಬಿನ ಬಟಾಲಾ ಕಡೆಯಿಂದ ಬರುತ್ತಿದ್ದ ನಾಲ್ಕೂವರೆ ಅಡಿ ಬೆಡ್ಡಿನ (ಉಳಿದೆಲ್ಲ ಭಾಗ ಕೂರುವ ಉದ್ದನೆಯ ಎರಕದ ತಳ) ಹಗುರ ಲೇತ್ ತೆಗೆದುಕೊಳ್ಳುತ್ತಿದ್ದರು. ಇದೂ ಅಂಥದ್ದೇ. ವೇಗ ಬದಲಿಸಲು ಕೋನ್ ಪುಲ್ಲಿ, ವೇಗ ತಗ್ಗಿಸಲು ಬ್ಯಾಕ್ ಗೇರು, ಸ್ಪಿಂಡಲ್‌ಗೆ (ತಿರುಗುವ ಮುಖ್ಯ ಶಾಫ್ಟು) ಗನ್‌ಮೆಟಲ್ ಎಂಬ ಕಂಚಿನ ಬುಷ್, ಥ್ರೆಡ್ ಕತ್ತರಿಸುವಾಗ ಟೂಲನ್ನು ಎಳೆದೊಯ್ಯಲು ಇಂಚಿಗೆ ನಾಲ್ಕು ಥ್ರೆಡ್ಡಿನ ಲೀಡ್ ಸ್ಕ್ರೂ.

2003ರಲ್ಲಿ ತಂದೆ ತೀರಿಕೊಂಡರು. ಶೆಡ್ಡು ಬಿಡಬೇಕಾಯಿತು. ಲೇತನ್ನು ಮಾರಲು ತಾಯಿ ಒಪ್ಪಲಿಲ್ಲ. ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ, ಟಾರ್ಪಾಲ್ ಹೊದಿಸಿ 19 ವರ್ಷ ಇಟ್ಟರು. ನಮ್ಮೂರಿನ ಹವೆ ಮಂಗಳೂರಿನಷ್ಟು ಕೆಟ್ಟದ್ದಲ್ಲ. ಆದರೂ ಟಾರ್ಪಾಲ್ ಒಳಗೆ ರಾತ್ರಿ ಬೆವರಿದ ನೀರು ಬೆಳಿಗ್ಗೆ ಹೊರಗೆ ಹೋಗುವುದಿಲ್ಲ. ಕಬ್ಬಿಣಕ್ಕೆ ಅಷ್ಟು ಸಾಕು. ಮಿಷನ್ ಇಡುವುದಾದರೆ ಎಣ್ಣೆ ಬಳಿದು, ಗಾಳಿ ಆಡುವಂತೆ ಹತ್ತಿ ಬಟ್ಟೆ ಮುಚ್ಚಿ. ಪ್ಲಾಸ್ಟಿಕ್ ಬಿಗಿದು ಸುತ್ತಬೇಡಿ.

ಮೊದಲ ಭೇಟಿ

2022ರ ಜನವರಿಯಲ್ಲಿ ಅವರು ಫೋನ್ ಮಾಡಿದರು. "ಅಣ್ಣ, ಅಪ್ಪನ ಲೇತ್ ಪೋರ್ಟಿಕೋಗೆ ತಂದಿಟ್ಟಿದ್ದೀನಿ. ಒಂದ್ಸಲ ಬಂದು ನೋಡ್ತೀರಾ?" ನಾನು ಹೋಗುವಷ್ಟರಲ್ಲಿ ಅವರು ಅದನ್ನು ಪೈಪುಗಳ ಮೇಲೆ ಉರುಳಿಸಿ ಮುಂದಕ್ಕೆ ತಂದು, ನೆಲ ಕೊರೆದು, ನಾಲ್ಕೂ ಕಾಲಿಗೆ ಆಂಕರ್ ಬೋಲ್ಟ್ ಹಾಕಿ ಬಿಗಿದಾಗಿತ್ತು. "ಅಲುಗಾಡಬಾರದು ಅಂತ ಪೂರ್ತಿ ಟೈಟ್ ಮಾಡಿದ್ದೀನಿ" ಅಂದರು. ನಾನು ತಲೆಯಾಡಿಸಿದೆ. ಮುಂದೆ ಬರುವ ತೊಂದರೆಯ ಬೀಜ ಅಲ್ಲೇ ಇತ್ತು. ಅವತ್ತು ನನ್ನ ಕಣ್ಣಿಗೆ ಬೀಳಲಿಲ್ಲ.

ಕಣ್ಣಿಗೆ ಬಿದ್ದದ್ದು ತುಕ್ಕು. ಅದರಲ್ಲೂ ಒಂದು ವಿಚಿತ್ರ ಗುರುತು. ಟೈಲ್‌ಸ್ಟಾಕ್ (ಸರಳಿನ ತುದಿಗೆ ಆಸರೆ ಕೊಡುವ ಭಾಗ) ಕಡೆ ಬೆಡ್ಡಿನ ಮೇಲೆ, ಅಡ್ಡಡ್ಡಲಾಗಿ, ಸರಪಳಿಯ ಹಾಗೆ ಗುಂಡುಗುಂಡಾದ ತುಕ್ಕಿನ ಕಲೆಗಳು. ಮಾಲೀಕರಿಗೆ ಅದು ಗೊತ್ತಿತ್ತು. ತಂದೆ ಮಾಡಿದ ಕೊನೆಯ ಆಯುಧ ಪೂಜೆಯ ಸೇವಂತಿಗೆ ಹಾರ. ಪೂಜೆ ಆದ ಮೇಲೆ ಅವರು ಕಾಯಿಲೆ ಬಿದ್ದರು, ಶೆಡ್ಡಿನ ಬೀಗ ತೆಗೆಯಲಿಲ್ಲ. ಹಾರ ಅಲ್ಲೇ ಒಣಗಿತು. ಹೂವಿನ ನೀರು ಕಬ್ಬಿಣವನ್ನು ತಿಂದಿತ್ತು. ಇನ್ನೊಂದು ತುದಿಯಲ್ಲಿ ಸ್ಪಿಂಡಲ್ ಕೂರುವ ಹೆಡ್‌ಸ್ಟಾಕ್ ಮುಚ್ಚಳದ ಮೇಲೆ ವಿಭೂತಿ, ಕುಂಕುಮ ಪದರ ಪದರವಾಗಿ ಕೂತಿತ್ತು.

ಚಕ್ (ಸರಳನ್ನು ಕಚ್ಚಿ ಹಿಡಿಯುವ ಭಾಗ) ಹತ್ತಿರ ಬೆಡ್ಡಿನ ಮೇಲೆ ಉಗುರು ಎಳೆದೆ. ಟೂಲನ್ನು ಹೊತ್ತ ಸ್ಯಾಡಲ್ ಓಡಾಡುವ ಜಾಗಕ್ಕೂ ಓಡಾಡದ ಜಾಗಕ್ಕೂ ನಡುವೆ ಒಂದು ಸಣ್ಣ ಮೆಟ್ಟಿಲು ಉಗುರಿಗೆ ಸಿಕ್ಕಿತು. "ಬೆಡ್ ಸವೆದಿದೆ. ಗ್ರೈಂಡಿಂಗ್‌ಗೆ ಕೊಡಬೇಕಾಗುತ್ತೆ" ಅಂದೆ. ಅಳೆದು ಹೇಳಿದ ಮಾತಲ್ಲ ಅದು. ಉಗುರಿಗೆ ಸಿಗುವ ಮೆಟ್ಟಿಲು ಎಷ್ಟು ದೊಡ್ಡದು ಅಂತ ಉಗುರು ಹೇಳುವುದಿಲ್ಲ. ಮೆಟ್ಟಿಲಿದೆ ಎಂದಷ್ಟೇ ಹೇಳುತ್ತದೆ. ಆದರೆ ನನ್ನ ಮಾತು ಮಾಲೀಕರ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದಿನ ಆರು ತಿಂಗಳು ಏನೇ ತೊಂದರೆ ಬಂದರೂ ಅವರಿಗೆ ಉತ್ತರ ಒಂದೇ: ಬೆಡ್ಡು.

ಬಿಚ್ಚಿದ್ದು, ತೊಳೆದದ್ದು

ಬಿಚ್ಚುವ ಕೆಲಸವನ್ನು ಅವರು ಬಹಳ ಶಿಸ್ತಿನಿಂದ ಮಾಡಿದರು. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ. ಸಣ್ಣ ಸ್ಕ್ರೂ, ಸ್ಪ್ರಿಂಗ್, ಕೀಗಳಿಗೆ ಅಮ್ಮನ ಹಳೆಯ ಇಡ್ಲಿ ತಟ್ಟೆಗಳು. ಒಂದು ಗುಳಿಗೆ ಒಂದು ಭಾಗದ ಸಾಮಾನು, ಪಕ್ಕದಲ್ಲಿ ಚೀಟಿ.

ತುಕ್ಕು ತೆಗೆಯುವ ವಿಷಯದಲ್ಲಿ ಒಂದು ನಿರ್ಧಾರ ಬೇಕಿತ್ತು. ಪಕ್ಕದ ಗ್ಯಾರೇಜಿನವರು ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಅಂದಿದ್ದರು. ಆಸಿಡ್ ತುಕ್ಕನ್ನು ತೆಗೆಯುತ್ತದೆ, ನಿಜ. ಆದರೆ ಅದರ ಹೊಗೆ ಆ ಜಾಗದಲ್ಲಿರುವ ಬೇರೆಲ್ಲ ಕಬ್ಬಿಣಕ್ಕೂ ಒಂದೇ ರಾತ್ರಿಯಲ್ಲಿ ಹೊಸ ತುಕ್ಕು ಹಿಡಿಸುತ್ತದೆ. ಬೇಡ ಅಂದೆ. ಸಣ್ಣ ಭಾಗಗಳಿಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು, ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ತುಕ್ಕು ಹಿಡಿದ ಭಾಗ ಮೈನಸ್ ತಂತಿಗೆ, ಪ್ಲಸ್ ತಂತಿಗೆ ಒಂದು ಹಳೆಯ ಸಾದಾ ಕಬ್ಬಿಣದ ಪಟ್ಟಿ. ಅಲ್ಲಿ ಸ್ಟೀಲ್ ಪಾತ್ರೆಯ ತುಂಡು ಮಾತ್ರ ಹಾಕಬಾರದು. ಸ್ಟೇನ್‌ಲೆಸ್‌ನಲ್ಲಿರುವ ಕ್ರೋಮಿಯಂ ಕರಗಿ ನೀರು ವಿಷವಾಗುತ್ತದೆ. ಇದರಿಂದ ಹೈಡ್ರೋಜನ್ ಗುಳ್ಳೆ ಏಳುವುದರಿಂದ ಟಬ್ಬು ಬಯಲಿನಲ್ಲೇ ಇರಬೇಕು, ಹತ್ತಿರ ಬೆಂಕಿ ಇರಬಾರದು. ಬೆಡ್ಡಿಗೆ ಇದು ಬೇಕಾಗಲಿಲ್ಲ. ಸೀಮೆಎಣ್ಣೆ ಬಳಿದು ಒಂದು ದಿನ ಬಿಟ್ಟು, ಬ್ಲೇಡನ್ನು ಮಟ್ಟಸವಾಗಿ ಹಿಡಿದು ಕೆರೆದರೆ ತುಕ್ಕು ಪುಡಿಯಾಗಿ ಎದ್ದುಬರುತ್ತದೆ, ಕಬ್ಬಿಣ ಹಾಗೇ ಉಳಿಯುತ್ತದೆ. ಎಮರಿ ಕಾಗದ ಬೆಡ್ಡಿನ ಹತ್ತಿರ ಸುಳಿಯಲು ನಾನು ಬಿಡಲಿಲ್ಲ. ಗೇರ್ ಚಾರ್ಟಿನ ಹಿತ್ತಾಳೆ ಫಲಕವನ್ನು ಅಮ್ಮ ಹುಣಸೆಹಣ್ಣು ಹಚ್ಚಿ ತೊಳೆದುಕೊಟ್ಟರು. ಅಂಕಿಗಳು ಒಂದೂ ಬಿಡದೆ ಕಂಡವು.

ಆ ಫಲಕ ನೋಡಿದಾಗ ಚೇಂಜ್ ಗೇರುಗಳು, ಅಂದರೆ ಬೇಕಾದ ಥ್ರೆಡ್ಡಿಗೆ ತಕ್ಕಂತೆ ಬದಲಿಸಿ ಹಾಕುವ ಗೇರುಗಳು, ಇಲ್ಲ ಅಂತ ಗೊತ್ತಾಯಿತು. ಲೇತ್‌ನಲ್ಲಿ ಇದ್ದದ್ದು ಮೂರೇ. ಗುಜರಿಯಲ್ಲಿ ಹುಡುಕೋಣ ಅಂತ ಮಾಲೀಕರು ಎರಡು ಶನಿವಾರ ಅಲೆದರು. ಮೂರನೆಯ ವಾರ ಅಮ್ಮ ಸುಮ್ನೆ ಕೇಳಿದರು, "ಹಲ್ಲು ಚಕ್ರಾನಾ ಹುಡುಕ್ತಿರೋದು? ಅಟ್ಟದ ಮೇಲೆ ಅಕ್ಕಿ ಡಬ್ಬದಲ್ಲಿ ನಿಮ್ಮಪ್ಪ ಗ್ರೀಸ್ ಹಚ್ಚಿ ಇಟ್ಟಿದ್ದರಲ್ಲ." ಡಬ್ಬ ಇಳಿಸಿದರೆ ಎಲ್ಲ ಗೇರೂ ಇದ್ದವು. 127 ಹಲ್ಲಿನದ್ದೂ ಇತ್ತು. ಇಂಚಿನ ಲೀಡ್ ಸ್ಕ್ರೂ ಇಟ್ಟುಕೊಂಡು ಮಿಲಿಮೀಟರ್ ಥ್ರೆಡ್ ಕತ್ತರಿಸಲು ಆ ಗೇರೇ ಜೀವ. ಒಂದು ಇಂಚು ಅಂದರೆ 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಈ ಲೇತ್‌ನಲ್ಲಿ 1.5 ಮಿ.ಮೀ. ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಅಂತರ) ಬೇಕಾದರೆ ಸ್ಪಿಂಡಲ್ ಕಡೆ 30, ಲೀಡ್ ಸ್ಕ್ರೂ ಕಡೆ 127. ಲೆಕ್ಕದವರಾದ ಮಾಲೀಕರು ಅದನ್ನು ಕಾಗದದ ಮೇಲೆ ಮಾಡಿ ನೋಡಿ ಬಹಳ ಹೊತ್ತು ಆ ಗೇರನ್ನು ಕೈಯಲ್ಲಿ ಹಿಡಿದು ಕೂತಿದ್ದರು.

ಮನೆಯವರನ್ನು ಮೊದಲೇ ಕೇಳಿದ್ದರೆ ಎರಡು ಶನಿವಾರ ಉಳಿಯುತ್ತಿತ್ತು. ಹಳೆಯ ಮಿಷನ್ ಜೊತೆ ಬಾಳಿದವರು ಮನೆಯಲ್ಲಿದ್ದರೆ ಮೊದಲ ಪ್ರಶ್ನೆ ಅವರಿಗೆ.

ಮೊದಲ ತಪ್ಪು: ಕ್ಯಾಲೆಂಡರ್ ಕಾಗದ

ಈ ಹೆಡ್‌ಸ್ಟಾಕ್‌ನಲ್ಲಿ ಬಾಲ್ ಬೇರಿಂಗ್ ಇಲ್ಲ. ಸ್ಪಿಂಡಲ್ ಎರಡು ಗನ್‌ಮೆಟಲ್ ಬುಷ್‌ಗಳಲ್ಲಿ ತಿರುಗುತ್ತದೆ. ಬುಷ್ ಎರಡು ಹೋಳು. ಮೇಲಿನ ಹೋಳನ್ನು ಕ್ಯಾಪ್ ಹಿಡಿದಿರುತ್ತದೆ. ಕ್ಯಾಪಿನ ಎರಡೂ ಪಕ್ಕ, ಬೋಲ್ಟಿನ ಕೆಳಗೆ, ಶಿಮ್‌ಗಳು, ಅಂದರೆ ಸಂದಿಗೆ ಕೊಡುವ ತೆಳು ತಗಡುಗಳು. ಬುಷ್ ಸವೆದಂತೆ ಒಂದೊಂದೇ ಶಿಮ್ ತೆಗೆದು ಕ್ಯಾಪನ್ನು ಸ್ವಲ್ಪ ಕೆಳಗಿಳಿಸುವುದು ಕ್ರಮ. ಅಂದರೆ ಸ್ಪಿಂಡಲ್‌ಗೂ ಬುಷ್‌ಗೂ ನಡುವೆ ಎಣ್ಣೆ ನಿಲ್ಲುವ ಜಾಗ ಎಷ್ಟಿರಬೇಕು ಎಂಬುದನ್ನು ನಿರ್ಧರಿಸುವುದು ಆ ಶಿಮ್‌ಗಳೇ.

ಎಲ್ಲದರ ಫೋಟೋ ತೆಗೆದ ಮಾಲೀಕರು ಶಿಮ್‌ಗಳನ್ನು ಮಾತ್ರ ಒಂದೇ ಬಟ್ಟಲಿಗೆ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದರು. ಎಡದ್ದು ಯಾವುದು, ಬಲದ್ದು ಯಾವುದು ತಿಳಿಯದಾಯಿತು. ಹಿತ್ತಾಳೆ ತಗಡುಗಳ ನಡುವೆ ಎಣ್ಣೆ ಕುಡಿದು ಕಪ್ಪಾದ ಕಾಗದದ ಚೂರುಗಳಿದ್ದವು. ಕೊಳೆ ಎಂದುಕೊಂಡು ಎಸೆದರು. ಅದು ಅವರ ತಂದೆ ಹಳೆಯ ಕ್ಯಾಲೆಂಡರ್ ಕತ್ತರಿಸಿ ಹಾಕಿದ್ದ ಶಿಮ್. ಒಂದು ಕಾಗದ ಅಂದರೆ 0.1 ಮಿ.ಮೀ. ಹತ್ತಿರ. ಸ್ಪಿಂಡಲ್‌ಗೆ ಅದು ಚಿಕ್ಕ ವಿಷಯವಲ್ಲ. ಬಿಚ್ಚುವ ಮೊದಲು ಸ್ಪಿಂಡಲ್ ಎಷ್ಟು ಎದ್ದು ಕೂರುತ್ತದೆ ಎಂದು ಡಯಲ್ ಗೇಜ್ (ಸೂಕ್ಷ್ಮ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ನೋಡಲು ನಾನೂ ಹೇಳಿರಲಿಲ್ಲ.

ಬಣ್ಣ ಬಳಿದು, ಎಲ್ಲ ಕೂರಿಸಿ, ಕ್ಯಾಪ್ ಬಿಗಿದು, ಏಪ್ರಿಲ್‌ನಲ್ಲಿ ಮೊದಲ ಬಾರಿ ಓಡಿಸಿದರು. ಕೈಯಲ್ಲಿ ತಿರುಗಿಸಿದಾಗ ಸ್ವಲ್ಪ ಬಿಗಿ ಅನ್ನಿಸಿತಂತೆ. ಹೊಸ ಎಣ್ಣೆ, ಓಡಿದರೆ ಸಡಿಲವಾಗುತ್ತೆ ಎಂದುಕೊಂಡರು. ಮೂರು ನಿಮಿಷಕ್ಕೆ ಮುಂದಿನ ಕ್ಯಾಪಿನಿಂದ ಹೊಗೆ. ಆಮೇಲೆ ಒಂದು ಕಿರುಚು ಸದ್ದು, ಬೆಲ್ಟು ಜಾರಿತು, ಸ್ಪಿಂಡಲ್ ನಿಂತಿತು.

ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಬಂತು. ಅವರ ದನಿ ಕೇಳಿ ಸಂಕಟವಾಯಿತು. ಮರುದಿನ ಬಿಚ್ಚಿ ನೋಡಿದೆವು. ಬುಷ್ಷಿನ ಗನ್‌ಮೆಟಲ್ ಒಂದು ಕಡೆ ಕಿತ್ತು ಸ್ಪಿಂಡಲ್‌ಗೆ ಮೆತ್ತಿಕೊಂಡಿತ್ತು. ಪುಣ್ಯಕ್ಕೆ ಸ್ಪಿಂಡಲ್ ಮೇಲೆ ಗೀರು ಆಳವಾಗಿರಲಿಲ್ಲ. ಅದನ್ನು ಎಣ್ಣೆಕಲ್ಲಿನಿಂದ ತೀಡಿದೆವು. ಬುಷ್ಷನ್ನು ಎಮರಿಯಿಂದ ತಿಕ್ಕೋಣವೇ ಅಂತ ಅವರು ಕೇಳಿದರು. ಬೇಡವೇ ಬೇಡ. ಎಮರಿ ಹರಳು ಮೆತ್ತನೆಯ ಗನ್‌ಮೆಟಲ್‌ನಲ್ಲಿ ಹೂತುಕೊಳ್ಳುತ್ತದೆ. ಆಮೇಲೆ ಬುಷ್ಷೇ ಅರದ ಹಾಗೆ ಸ್ಪಿಂಡಲನ್ನು ತಿನ್ನುತ್ತಾ ಹೋಗುತ್ತದೆ. ಸ್ಪಿಂಡಲ್‌ಗೆ ತೆಳ್ಳಗೆ ಬ್ಲೂ (ಗುರುತು ಹತ್ತಲು ಹಚ್ಚುವ ನೀಲಿ ಬಣ್ಣ) ಹಚ್ಚಿ, ಬುಷ್ಷಿನಲ್ಲಿಟ್ಟು ತಿರುಗಿಸಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಸ್ಕ್ರೇಪರಿನಿಂದ ಕೆರೆದೆವು. ನಾಲ್ಕು ಭಾನುವಾರ ಅದೇ ಕೆಲಸ.

ಶಿಮ್‌ಗಳನ್ನು ಈ ಸಲ ಅಳತೆಯಿಂದ ಕಟ್ಟಿದೆವು. ಚಕ್‌ನಲ್ಲಿ ಒಂದು ದಪ್ಪ ಸರಳು ಹಿಡಿದು, ಅದರ ಕೆಳಗೆ ಮರದ ತುಂಡು ಕೊಟ್ಟು ಮೀಟಿ ಎತ್ತಬೇಕು. ಬುಷ್ಷಿನ ಪಕ್ಕದಲ್ಲೇ ಸ್ಪಿಂಡಲ್ ಮೇಲೆ ಡಯಲ್ ಗೇಜ್ ಇಟ್ಟು ಮುಳ್ಳು ಎಷ್ಟು ಆಡುತ್ತದೆ ನೋಡಬೇಕು. ಎರಡೂ ಪಕ್ಕ ಸಮ ದಪ್ಪದ ಹಿತ್ತಾಳೆ ಶಿಮ್ ಹಾಕುತ್ತಾ, ತೆಗೆಯುತ್ತಾ 0.04 ಮಿ.ಮೀ.ಗೆ ತಂದೆವು. ಎಣ್ಣೆ ಬಟ್ಟಲಿನ ಬತ್ತಿಗಳು 19 ವರ್ಷದ ಜಿಡ್ಡಿಗೆ ಮರದಂತಾಗಿದ್ದವು, ಹೊಸ ಉಣ್ಣೆ ಬತ್ತಿ ಹಾಕಿದೆವು. ಅತಿ ಕಡಿಮೆ ವೇಗದಲ್ಲಿ ಅರ್ಧ ಗಂಟೆ, ಆಮೇಲೆ ಮುಂದಿನ ಪುಲ್ಲಿಯಲ್ಲಿ ಅರ್ಧ ಗಂಟೆ, ನಡುನಡುವೆ ಕ್ಯಾಪಿನ ಮೇಲೆ ಅಂಗೈ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ನಿಲ್ಲಿಸಬೇಕು. ಬೆಚ್ಚಗೇ ಉಳಿಯಿತು.

ಮೋಟಾರು, ಮತ್ತು ಎರಡನೆಯ ತಪ್ಪು

ಶೆಡ್ಡಿನಲ್ಲಿ ತ್ರೀ ಫೇಸ್ ಇತ್ತು. ಮನೆಯಲ್ಲಿ ಸಿಂಗಲ್ ಫೇಸ್. ಹಳೆಯ 1 ಎಚ್‌ಪಿ ಮೋಟಾರು 415 ವೋಲ್ಟಿನದ್ದು. ಸಿಂಗಲ್ ಫೇಸ್ ಮೋಟಾರು ಕೊಳ್ಳಬಹುದಿತ್ತು. ಅವರು ಡ್ರೈವ್, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ ಮೋಟಾರಿನ ವೇಗವನ್ನೂ ಬದಲಿಸುವ ವಿಎಫ್‌ಡಿ, ಹಾಕುವುದೆಂದು ನಿರ್ಧರಿಸಿದರು. ತಂದೆಯ ಮೋಟಾರೇ ಉಳಿಯಲಿ ಎಂಬುದು ಒಂದು ಕಾರಣ.

ಇಲ್ಲಿ ಹಲವರು ಎಡವುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಮನೆಯ 230 ವೋಲ್ಟಿಗೆ ಹಾಕುವ ಸಾಮಾನ್ಯ ಡ್ರೈವ್ ಹೊರಗೆ ಕೊಡುವುದೂ 230 ವೋಲ್ಟಿನ ತ್ರೀ ಫೇಸ್. 415ರ ಮೋಟಾರಿಗೆ ಅದನ್ನು ಹಾಗೇ ಕೊಟ್ಟರೆ ಶಕ್ತಿ ಸಾಲದು. ಚಿಕ್ಕ ಮೋಟಾರುಗಳು ಸಾಮಾನ್ಯವಾಗಿ ಸ್ಟಾರ್ ಕನೆಕ್ಷನ್‌ನಲ್ಲಿರುತ್ತವೆ, ಅಂದರೆ ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೇ ಗಂಟಿನಲ್ಲಿ ಸೇರಿರುತ್ತದೆ. ಅದನ್ನೇ ಡೆಲ್ಟಾ (ಮೂರೂ ವೈಂಡಿಂಗ್ ತ್ರಿಕೋನದಂತೆ ತುದಿಗೆ ತುದಿ) ಮಾಡಿದರೆ ಸುಮಾರು 240 ವೋಲ್ಟಿನ ಮೋಟಾರಾಗುತ್ತದೆ. ಆದರೆ ಈ ಮೋಟಾರಿನಿಂದ ಹೊರಗೆ ಬಂದಿದ್ದದ್ದು ಮೂರೇ ತಂತಿ. ಸ್ಟಾರ್ ಗಂಟು ಒಳಗೆ ವೈಂಡಿಂಗ್ ಜೊತೆ ಕಟ್ಟಿ ವಾರ್ನಿಷ್ ಮಾಡಿಬಿಟ್ಟಿದ್ದರು. ಅನುಭವಿ ವೈಂಡಿಂಗ್ ಮೇಸ್ತ್ರಿಯೊಬ್ಬರು ಆ ಗಂಟನ್ನು ಬಿಡಿಸಿ ಆರು ತಂತಿ ಹೊರಗೆ ತಂದುಕೊಟ್ಟರು. ಅರ್ಧ ದಿನದ ಕೆಲಸ. ಹಳೆಯ ಇನ್ಸುಲೇಷನ್ ಚೆನ್ನಾಗಿದೆಯೋ ಎಂದು ಮೆಗ್ಗರ್ ಇಟ್ಟು ನೋಡಿದ್ದೂ ಅಲ್ಲೇ.

ತಪ್ಪಾದದ್ದು ಆಮೇಲೆ. ಡ್ರೈವ್‌ನಲ್ಲಿ ನಿಲ್ಲುವ ಸಮಯವನ್ನು ಮಾಲೀಕರು 1 ಸೆಕೆಂಡಿಗೆ ಇಟ್ಟಿದ್ದರು. ಬಟನ್ ಒತ್ತಿದ ಕೂಡಲೇ ನಿಲ್ಲಲಿ, ಅದೇ ಸುರಕ್ಷಿತ ಎಂಬುದು ಅವರ ಲೆಕ್ಕ. ಹೊಸ ಲೇತ್ ಆದರೆ ಅದು ಸರಿಯಾದ ಲೆಕ್ಕವೇ. ಈ ಲೇತ್‌ನ ಚಕ್ ಸ್ಪಿಂಡಲ್ ಮೂತಿಗೆ ಥ್ರೆಡ್‌ನಲ್ಲಿ ಕೂರುವಂಥದ್ದು. ಲೋಹ ಕತ್ತರಿಸುವಾಗ ಅದು ತಾನಾಗೇ ಬಿಗಿಯಾಗುತ್ತದೆ. ಸ್ಪಿಂಡಲ್ ದಿಢೀರನೆ ನಿಂತರೆ ಭಾರದ ಚಕ್ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ತಿರುಗಲು ನೋಡುತ್ತದೆ, ಥ್ರೆಡ್ ಬಿಚ್ಚಿಕೊಳ್ಳುತ್ತದೆ. ಹಾಗೇ ಆಯಿತು. ಹದಿನೈದು ಕಿಲೋ ಹತ್ತಿರದ ನಾಲ್ಕು ಜಾ ಚಕ್ ಎರಡು ಸುತ್ತು ಬಿಚ್ಚಿಕೊಂಡು ನಿಂತಿತು. ಇನ್ನೆರಡು ಸುತ್ತಾಗಿದ್ದರೆ ಕಾಲ ಮೇಲೆ ಬೀಳುತ್ತಿತ್ತು. ಅವರು ಚಪ್ಪಲಿಯಲ್ಲಿದ್ದರು.

ಈಗ ನಿಲ್ಲುವ ಸಮಯ 6 ಸೆಕೆಂಡು. ಹಿಮ್ಮುಖ ತಿರುಗುವುದನ್ನು ಡ್ರೈವ್‌ನಲ್ಲೇ ಬಂದ್ ಮಾಡಿದ್ದಾರೆ. ಕರೆಂಟ್ ಹೋಗಿ ಬಂದರೆ ಮಿಷನ್ ತಾನಾಗಿ ಶುರುವಾಗಬಾರದು, ಮತ್ತೆ ಹಸಿರು ಬಟನ್ ಒತ್ತಿದರೇ ಓಡಬೇಕು, ಆ ಸೆಟ್ಟಿಂಗೂ ಇದೆ. ನಮ್ಮಲ್ಲಿ ಕರೆಂಟ್ ಹೋದಾಗ ಕಾಫಿಗೆ ಅಂತ ಒಳಗೆ ಹೋಗುತ್ತೇವೆ, ಅಲ್ವಾ? ಅಷ್ಟರಲ್ಲಿ ಮಗುವೋ ಬೆಕ್ಕೋ ಲೇತ್ ಹತ್ತಿರ ಇರಬಹುದು. 25 ಹರ್ಟ್ಸ್‌ಗಿಂತ ಕೆಳಗೆ ಡ್ರೈವ್ ಇಳಿಸುವುದಿಲ್ಲ, ಮೋಟಾರಿನ ಫ್ಯಾನ್ ನಿಧಾನವಾಗಿ ಮೋಟಾರು ಕಾಯುತ್ತದೆ. ನಿಧಾನ ಬೇಕಾದಾಗ ಬ್ಯಾಕ್ ಗೇರು ಇದ್ದೇ ಇದೆ. ಕ್ಯಾನ್ವಾಸ್ ಶೂ ಕೂಡ ಬಂತು.

ಟೇಪರ್

ಜುಲೈ ಹೊತ್ತಿಗೆ ಲೇತ್ ಸದ್ದಿಲ್ಲದೆ ಓಡುತ್ತಿತ್ತು. ಮೊದಲ ನಿಜವಾದ ಪರೀಕ್ಷೆ: 40 ಮಿ.ಮೀ. ಸರಳನ್ನು ಚಕ್‌ನಲ್ಲಿ ಹಿಡಿದು, 150 ಮಿ.ಮೀ. ಹೊರಗೆ ಬಿಟ್ಟು, ಟೈಲ್‌ಸ್ಟಾಕ್ ಆಸರೆ ಇಲ್ಲದೆ ಟರ್ನ್ ಮಾಡುವುದು. ಆಮೇಲೆ ಚಕ್ ಹತ್ತಿರ ಒಂದು ಅಳತೆ, ತುದಿಯಲ್ಲಿ ಒಂದು ಅಳತೆ. ಎರಡೂ ಒಂದೇ ಇರಬೇಕು. ಬೇರೆ ಬಂದರೆ ಅದೇ ಟೇಪರ್.

ತುದಿಯಲ್ಲಿ 0.05 ಮಿ.ಮೀ. ದಪ್ಪ ಬಂತು. ಮತ್ತೆ ಮಾಡಿದರು, ಅದೇ. "ನೀವು ಮೊದಲ ದಿನವೇ ಹೇಳಿದ್ರಲ್ಲ ಅಣ್ಣ, ಬೆಡ್ ಸವೆದಿದೆ ಅಂತ" ಅಂದರು. ಪೀಣ್ಯದ ಕಡೆ ಒಂದು ಗ್ರೈಂಡಿಂಗ್ ಶೆಡ್ಡಿಗೆ ಮಾತಾಡಿಯೂ ಆಗಿತ್ತು. ಟೆಂಪೋಗೆ ಶುಕ್ರವಾರ ಬರಲು ಹೇಳಿದ್ದರು. ನಾನು ಗುರುವಾರ ಸಂಜೆ ಹೋದೆ. ಬಿಚ್ಚಲು ಕೈ ಜೋಡಿಸೋಣ ಅಂತ.

ಅವರು ಬರೆದಿಟ್ಟ ಅಳತೆಗಳ ಪುಸ್ತಕ ನೋಡುತ್ತಾ ಕೂತೆ. ಲೆಕ್ಕದವರ ಪುಸ್ತಕ, ದಿನಾಂಕದ ಸಮೇತ ನೀಟಾಗಿತ್ತು. ಏನೋ ಒಂದು ಹೊಂದುತ್ತಿರಲಿಲ್ಲ. ಬೆಡ್ ಯಾವಾಗಲೂ ಜಾಸ್ತಿ ಸವೆಯುವುದು ಚಕ್ ಹತ್ತಿರ, ಅದರಲ್ಲೂ ಮುಂದಿನ ವೇ, ಅಂದರೆ ಸ್ಯಾಡಲ್ ಜಾರುವ ಹಳಿ. ಅಲ್ಲಿ ಸ್ಯಾಡಲ್ ಮುಂದಕ್ಕೆ, ಅಂದರೆ ಕೆಲಸಗಾರನ ಕಡೆಗೆ ವಾಲುತ್ತದೆ. ಟೂಲ್ ಸರಳಿನಿಂದ ದೂರ ಸರಿಯುತ್ತದೆ. ಹಾಗಾದರೆ ದಪ್ಪ ಬರಬೇಕಾದ್ದು ಚಕ್ ಹತ್ತಿರ. ಇಲ್ಲಿ ದಪ್ಪ ಬಂದದ್ದು ತುದಿಯಲ್ಲಿ. ಸವೆತ ಕಾರಣವಾಗಿದ್ದರೆ ಟೇಪರ್ ಉಲ್ಟಾ ಇರಬೇಕಿತ್ತು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಆ ಪುಸ್ತಕದಲ್ಲಿ "0.05 ಟೇಪರ್" ಎಂದಷ್ಟೇ ಬರೆದಿದ್ದರೆ ಲೇತ್ ಶುಕ್ರವಾರ ಟೆಂಪೋ ಹತ್ತುತ್ತಿತ್ತು. ಅವರು ಪ್ರತಿ ಸಲವೂ "ಚಕ್ ಕಡೆ ಇಷ್ಟು, ತುದಿ ಇಷ್ಟು" ಎಂದು ಬೇರೆ ಬೇರೆ ಬರೆದಿದ್ದರು.

ಟೂಲಿನ ಒತ್ತಡಕ್ಕೆ ಸರಳು ಬಾಗಿದರೂ ತುದಿ ದಪ್ಪ ಬರುತ್ತದೆ. ಅದನ್ನು ಮೊದಲು ತಳ್ಳಿಹಾಕಬೇಕಿತ್ತು. ಟೂಲನ್ನು ಚೆನ್ನಾಗಿ ಸಾಣೆ ಹಿಡಿದು, 0.05 ಮಿ.ಮೀ. ಮಾತ್ರ ಕಟ್ ಕೊಟ್ಟು ನೋಡಿದೆ. ಅಳತೆ ಬದಲಾಗಲಿಲ್ಲ. ಹಾಗಾದರೆ ಬೆಡ್ಡೇ ತಿರುಚಿದೆ.

ಸಂಜೆಯೇ ಪರಿಚಯದವರ ಹತ್ತಿರ ಮಿಷನ್ ಲೆವೆಲ್ ಕೇಳಿ ತಂದೆ. ಗಾರೆ ಮೇಸ್ತ್ರಿಗಳ ರಸಮಟ್ಟ ಇದಕ್ಕೆ ಸಾಲದು. ಇದರಲ್ಲಿ ಒಂದು ಗೆರೆ ಅಂದರೆ ಮೀಟರಿಗೆ 0.02 ಮಿ.ಮೀ. ಬೆಡ್ಡಿಗೆ ಅಡ್ಡಲಾಗಿ, ಹೆಡ್‌ಸ್ಟಾಕ್ ಹತ್ತಿರ ಇಟ್ಟು ಗುಳ್ಳೆ ನಡುವೆ ಬರುವಂತೆ ಮಾಡಿದೆ. ಹಾಗೇ ಟೈಲ್‌ಸ್ಟಾಕ್ ತುದಿಗೆ ಕೊಂಡುಹೋಗಿ ಇಟ್ಟೆ. ಗುಳ್ಳೆ ಹಿಂದಿನ ಮೂಲೆಗೆ ಓಡಿತು. 200 ಮಿ.ಮೀ. ಉದ್ದದ ಲೆವೆಲ್‌ನ ಮುಂದಿನ ತುದಿಯ ಕೆಳಗೆ 0.25 ಮಿ.ಮೀ. ದಪ್ಪದ ಫೀಲರ್ ಎಲೆ (ಸಂದು ಅಳೆಯುವ ತೆಳು ತಗಡು) ತೂರಿಸಿದ ಮೇಲೆ ನಡುವೆ ಬಂತು. ಟೈಲ್‌ಸ್ಟಾಕ್ ಕಡೆ ಬೆಡ್ಡಿನ ಮುಂಭಾಗ ಅಷ್ಟು ಕೆಳಗಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಪೋರ್ಟಿಕೋ ನೆಲ ನೋಡಿದೆ. ಮಳೆ ನೀರು ಗೇಟಿನ ಕಡೆ ಹರಿದುಹೋಗಲಿ ಅಂತ ನಮ್ಮ ಮನೆಗಳಲ್ಲಿ ಪೋರ್ಟಿಕೋಗೆ ಇಳಿಜಾರು ಕೊಟ್ಟೇ ಕೊಡುತ್ತಾರೆ. ಇಲ್ಲಿ ಒಂದು ಮೂಲೆಗೆ ಇಳಿಜಾರು ಜಾಸ್ತಿ ಇತ್ತು. ಆ ಮೂಲೆಯಲ್ಲಿ ನಿಂತದ್ದು ಟೈಲ್‌ಸ್ಟಾಕ್ ಕಡೆಯ ಮುಂದಿನ ಕಾಲು. ಆಂಕರ್ ಬೋಲ್ಟ್ ಸಡಿಲ ಮಾಡಿದಾಗ ಆ ಕಾಲು ಟಕ್ ಅಂತ ಮೇಲೆದ್ದಿತು. ಕೆಳಗೆ 3 ಮಿ.ಮೀ. ಸಂದು. ಆರು ತಿಂಗಳಿಂದ ಆ ಬೋಲ್ಟು ಗಾಳಿಯಲ್ಲಿದ್ದ ಕಾಲನ್ನು ನೆಲಕ್ಕೆ ಎಳೆದು, ಎರಕದ ಬೆಡ್ಡನ್ನೇ ಹಿಂಡಿ ಹಿಡಿದಿತ್ತು. ಎರಕ ಬಾಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಇಷ್ಟು ಹಗುರ ಬೆಡ್ಡು ಒದ್ದೆ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಮಾಲೀಕರು ಫೋನ್ ಮಾಡಿ ಟೆಂಪೋ ಬೇಡ ಅಂದರು.

ನಾಲ್ಕೂ ಕಾಲಿನ ಕೆಳಗೆ 10 ಮಿ.ಮೀ. ಉಕ್ಕಿನ ತಗಡು, ಎತ್ತಿ ಇಳಿಸಲು ಬೋಲ್ಟು. ಮೊದಲು ಲೆವೆಲ್ ನೋಡಿ ಮಟ್ಟ ಮಾಡಿದೆವು. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿದಾಗ ಸ್ವಲ್ಪ ಬದಲಾಗಿತ್ತು, ಮತ್ತೆ ಸರಿ ಮಾಡಿದೆವು. ಆಂಕರ್ ಬೋಲ್ಟು ಈಗ ಬರೀ ತಾಗುವಷ್ಟು ಬಿಗಿ. ಟರ್ನ್ ಮಾಡಿ ನೋಡಿದಾಗ ಟೇಪರ್ ಉಲ್ಟಾ ಆಯಿತು. ಚಕ್ ಕಡೆ 0.02 ಮಿ.ಮೀ. ದಪ್ಪ. ಇದು ಬೆಡ್ಡಿನ ನಿಜವಾದ ಸವೆತ. ಇಷ್ಟು ದಿನ ತಿರುಚು ಅದನ್ನು ಮುಚ್ಚಿಟ್ಟಿತ್ತು. ಆಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಅಳೆದೆವು. ಮುಂದಿನ ವೇ ಅತಿ ಆಳದಲ್ಲಿ 0.05 ಮಿ.ಮೀ. ಸವೆದಿತ್ತು.

ಗ್ರೈಂಡ್ ಮಾಡಿಸಿದ್ದರೆ ಏನಾಗುತ್ತಿತ್ತು? ಹಾರದ ತುಕ್ಕು ಗುಳಿಗಳೂ ಹೋಗಬೇಕು ಅಂದರೆ 0.3 ಮಿ.ಮೀ. ಆದರೂ ತೆಗೆಯಬೇಕಿತ್ತು. ಸ್ಯಾಡಲ್ ಅಷ್ಟು ಕೆಳಗಿಳಿಯುತ್ತದೆ. ಲೀಡ್ ಸ್ಕ್ರೂ ಬ್ರಾಕೆಟ್‌ಗಳು ಇದ್ದಲ್ಲೇ ಇರುತ್ತವೆ, ಲೀಡ್ ಸ್ಕ್ರೂವನ್ನು ಕಚ್ಚಿ ಸ್ಯಾಡಲ್ ಎಳೆಯುವ ಹಾಫ್ ನಟ್ ಅದಕ್ಕೆ ಹೊಂದುವುದಿಲ್ಲ. ರ‍್ಯಾಕ್‌ಗೆ (ಬೆಡ್ಡಿನ ಉದ್ದಕ್ಕೂ ಇರುವ ಹಲ್ಲಿನ ಪಟ್ಟಿ) ಪಿನಿಯನ್ ಗೇರು ಕೂರುವುದು ಬದಲಾಗುತ್ತದೆ. ಸ್ಯಾಡಲ್ ತಳವನ್ನು ಹೊಸ ಬೆಡ್ಡಿಗೆ ಮತ್ತೆ ಸ್ಕ್ರೇಪ್ ಮಾಡಬೇಕು. ಒಂದು ಕೆಲಸದಿಂದ ನಾಲ್ಕು ಕೆಲಸ ಹುಟ್ಟುತ್ತಿತ್ತು. ಅಷ್ಟೆಲ್ಲ ಮಾಡಿ ವಾಪಸ್ ತಂದು ಅದೇ ನೆಲಕ್ಕೆ ಅದೇ ಬೋಲ್ಟ್ ಬಿಗಿದಿದ್ದರೆ ಬೆಡ್ಡು ಮತ್ತೆ ಹಾಗೇ ತಿರುಚುತ್ತಿತ್ತು.

ಈಗ ಹೇಗಿದೆ, ಮತ್ತೆ ಮಾಡಿದರೆ ಹೇಗೆ

0.02ರ ಟೇಪರನ್ನು ಹಾಗೇ ಉಳಿಸಿಕೊಳ್ಳುವುದು ಮಾಲೀಕರ ನಿರ್ಧಾರ. ಅವರು ಮಾಡುವ ಕೆಲಸ ಪಂಪಿನ ಬುಷ್ಷು, ಸೈಕಲ್ ಆಕ್ಸಲ್, ಅಕ್ಕಪಕ್ಕದವರ ಗೇಟಿನ ಪಿನ್ನು. ಅದಕ್ಕೆ ಇದು ಧಾರಾಳ ಸಾಕು. ಬೇರಿಂಗ್ ಕೂರುವಂಥ ಜಾಗ ಬಂದರೆ ಕೊನೆಯ 0.02 ಮಿ.ಮೀ. ಅಂತರವನ್ನು ಎಣ್ಣೆ ಹಚ್ಚಿದ ಸಣ್ಣ ಎಮರಿ ಪಟ್ಟಿಯಿಂದ ತೀಡಿ ತರುತ್ತಾರೆ. ಆಗ ಬೆಡ್ಡಿನ ಮೇಲೆ ಕಾಗದ ಹಾಸಿರುತ್ತಾರೆ.

ಇಂಥದ್ದೇ ಇನ್ನೊಂದು ಲೇತ್ ನನ್ನ ಮುಂದೆ ಬಂದರೆ, ಬಿಚ್ಚುವ ಮೊದಲೇ ಬೋಲ್ಟ್ ಸಡಿಲಿಸಿ ಲೆವೆಲ್ ಇಡುತ್ತೇನೆ. ಅದಕ್ಕೆ ಮೋಟಾರು ಬೇಡ, ಕರೆಂಟೂ ಬೇಡ, ಜನವರಿಯ ಆ ಮೊದಲ ದಿನವೇ ಮಾಡಬಹುದಿತ್ತು. ಸ್ಪಿಂಡಲ್ ಎಷ್ಟು ಎದ್ದು ಕೂರುತ್ತದೆ ಎಂದು ಅಳೆದು ಬರೆದ ಮೇಲೆಯೇ ಕ್ಯಾಪಿಗೆ ಸ್ಪ್ಯಾನರ್. ಶಿಮ್‌ಗಳು ಎಡ ಬಲ ಬೇರೆ ಬೇರೆ ಲಕೋಟೆಯಲ್ಲಿ, ಕಾಗದದ್ದೂ ಸೇರಿ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಈ ಲೇತ್‌ಗೆ ಬಣ್ಣ ಮೊದಲೇ ಬಳಿದದ್ದರಿಂದ ಹೆಡ್‌ಸ್ಟಾಕ್ ಎರಡು ಸಲ ಬಿಚ್ಚುವಾಗ ಎಲ್ಲ ಕೆತ್ತಿಹೋಗಿ ಮತ್ತೆ ಬಳಿಯಬೇಕಾಯಿತು. ಮತ್ತೆ, ನೋಡದೆ "ಸವೆದಿದೆ" ಅನ್ನುವ ಮಾತನ್ನು ಯಾರ ಮನೆಯಲ್ಲೂ ಆಡುವುದಿಲ್ಲ. ಅನುಭವಸ್ಥ ಎಂದು ಕರೆಸಿಕೊಂಡವನ ಒಂದು ಮಾತು ಆರು ತಿಂಗಳು ಬೇರೊಬ್ಬರ ಕಣ್ಣು ಕಟ್ಟಬಲ್ಲದು.

ಹಾರದ ಗುರುತು ಹಾಗೇ ಇದೆ. ಅದು ಸ್ಯಾಡಲ್ ಹೋಗದ ಜಾಗ, ಕೆಲಸಕ್ಕೆ ಅಡ್ಡಿಯಿಲ್ಲ. ಎಣ್ಣೆ ಒರೆಸುವಾಗ ಅಲ್ಲಿ ಬಟ್ಟೆ ಸ್ವಲ್ಪ ತಡೆಯುತ್ತದೆ.

ಅಕ್ಟೋಬರಿನ ಆಯುಧ ಪೂಜೆಗೆ ನನ್ನನ್ನೂ ಕರೆದಿದ್ದರು. ಗೇಟಿನ ಹತ್ತಿರ ಕುಂಬಳಕಾಯಿ, ಕಂಬಕ್ಕೆ ಬಾಳೆ ಕಂದು. ಅಮ್ಮ ಸೇವಂತಿಗೆ ಹಾರ ತಂದು ಬೆಡ್ಡಿನ ಮೇಲೆ ಹಾಕಲು ಹೋದವರು ಒಂದು ಗಳಿಗೆ ನಿಂತರು. ಹಾರವನ್ನು ಹೆಡ್‌ಸ್ಟಾಕ್ ಮುಚ್ಚಳದ ಹಿಡಿಗೆ ಹಾಕಿದರು. ಬೆಡ್ಡಿನ ಮೇಲೆ ಮಗ ಆಗಲೇ ಎಣ್ಣೆಯಲ್ಲಿ ಅದ್ದಿದ ಹಳೆಯ ಪಂಚೆ ಹಾಸಿದ್ದರು. ಮರುದಿನ ಬೆಳಿಗ್ಗೆ ಹಾರ ತೆಗೆದು, ಅಳತೆ ಪುಸ್ತಕದಲ್ಲಿ ದಿನಾಂಕ ಹಾಕಿ ಒಂದು ಸಾಲು ಬರೆದರಂತೆ: "ಹಾರ ತೆಗೆದಿದ್ದೇನೆ."